ಮೊಲದ ಪಾಳಿ

"ಅತ್ತೆ, ಶನಿವಾರ ನಿಮ್ಮನ್ನ ಬೀಚಿಗೆ ಕರ್ಕೊಂಡು ಹೋಗ್ತೀವಿ" ಎಂದು ಅಳಿಯ ಹೇಳಿದಾಗಲೇ ನನಗೆ ಅನುಮಾನ ಬಂತು. ಮೈಸೂರಿನ ಹೆಣ್ಣುಮಕ್ಕಳ ಹಾಸ್ಟೆಲೊಂದರಲ್ಲಿ ನಿವೃತ್ತಿಯವರೆಗೂ ವಾರ್ಡನ್ ಆಗಿದ್ದವಳು ನಾನು. ಹುಡುಗಿಯರು ಕೇಳದೆಯೇ ಕಾಫಿ ತಂದಿಟ್ಟರೆ ಸಂಜೆಯೊಳಗೆ ಏನೋ ಒಂದು ಅರ್ಜಿ ಬರುತ್ತದೆ ಎಂದೇ ಅರ್ಥ.

ಅರ್ಜಿ ಯಾವುದೆಂಬುದೂ ನನಗೆ ಗೊತ್ತಿತ್ತು. ಅಳಿಯ ಜಪಾನಿನ ಕೋಬೆಗೆ ಬಂದದ್ದು ಎರಡು ಸಾವಿರದ ಇಸವಿ ಹುಟ್ಟಿದಾಗ ಕಂಪ್ಯೂಟರುಗಳು ದಿನಾಂಕ ತಪ್ಪದಂತೆ ನೋಡಿಕೊಳ್ಳುವ ಕೆಲಸಕ್ಕೆ. ಇಸವಿ ಹುಟ್ಟಿತು, ಏನೂ ಆಗಲಿಲ್ಲ. ಆದರೂ ಅವನನ್ನು ಇನ್ನೆರಡು ವರ್ಷ ಇರಲು ಹೇಳಿದರು. ಏನೂ ಆಗದಿದ್ದುದಕ್ಕೆ ಇನ್ನೆರಡು ವರ್ಷ ಯಾಕೆ ಎಂದು ನಾನು ಕೇಳಿದರೆ ಮಗಳು ನಕ್ಕಳು. ಆಗ ಆದ ಮಾತು ಇದು: ಮೊಮ್ಮಗಳ ಕನ್ನಡ ಕೈಬಿಟ್ಟು ಹೋಗುತ್ತಿದೆ, ಅವಳು ನನ್ನ ಜೊತೆ ಮೈಸೂರಿಗೆ ಬಂದು ಓದಲಿ. ನಾನು ಪರಿಚಯದ ಶಾಲೆಯಲ್ಲಿ ದಸರಾ ರಜೆಯ ನಂತರ ಸೇರಿಸಲು ಜಾಗ ಹಿಡಿದಿಟ್ಟು, ಅವಳನ್ನು ಕರೆದೊಯ್ಯಲೆಂದೇ ಜಪಾನಿಗೆ ಬಂದಿದ್ದೆ. ಬಂದಾಗಿನಿಂದ ಆ ವಿಷಯವನ್ನು ಯಾರೂ ಎತ್ತಿರಲಿಲ್ಲ. ನಾನು ಎತ್ತಿದರೆ ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು.

ಕೋಬೆಯಿಂದ ಬೆಳಗಿನ ಹಡಗು ಹಿಡಿದು ಶೋದೋಶಿಮಾ ಎಂಬ ದ್ವೀಪಕ್ಕೆ ಹೋದೆವು. ಗುಡ್ಡದ ಮೇಲೆ ಬೆಳ್ಳಗಿನ ಗಾಳಿಯಂತ್ರವೊಂದು ನಿಂತಿತ್ತು. ಗ್ರೀಸ್ ದೇಶದ ಒಂದು ದ್ವೀಪಕ್ಕೂ ಇದಕ್ಕೂ ಸ್ನೇಹವಂತೆ, ಆ ನೆನಪಿಗೆ ಕಟ್ಟಿದ್ದಂತೆ. ಸುತ್ತ ಆಲಿವ್ ಮರಗಳು.

"ಇದರಲ್ಲಿ ಏನು ಬೀಸ್ತಾರೆ?" ಎಂದೆ.

"ಏನೂ ಇಲ್ಲ ಅತ್ತೆ. ಫೋಟೋ ತೆಗೆಸ್ಕೊಳ್ಳೋಕೆ."

ಹಿಟ್ಟು ಬೀಸದ ಗಾಳಿಯಂತ್ರದ ಮುಂದೆ ನಾನು ನಿಲ್ಲಲಿಲ್ಲ.

ಸಮುದ್ರವೂ ಹಾಗೆಯೇ. ನನಗೆ ಗೊತ್ತಿದ್ದದ್ದು ಗೋಕರ್ಣದ ಕಡಲು. ಅದು ಬರುತ್ತೇನೆಂದು ಕೂಗಿ ಹೇಳಿಯೇ ಬರುತ್ತದೆ. ಇಲ್ಲಿ ಅಲೆಯೇ ಇಲ್ಲ, ಕೆರೆಗೆ ಉಪ್ಪು ಬೆರೆಸಿದಂತಿತ್ತು. ಮರಳಿನ ಮೇಲೆ ಸಂಸಾರಗಳು ಚಾಪೆ ಹಾಸಿ, ಚಪ್ಪಲಿಗಳನ್ನು ಜೋಡಿಸಿಟ್ಟು, ಚೀಲಗಳನ್ನು ಅಲ್ಲೇ ಬಿಟ್ಟು ನೀರಿಗಿಳಿದಿದ್ದವು. ನಾನು ನಮ್ಮ ಚೀಲಗಳನ್ನೆಲ್ಲ ಒಟ್ಟುಮಾಡಿ ಅವುಗಳ ನಡುವೆ ಕುಳಿತೆ.

"ಅಮ್ಮಾ, ಇಲ್ಲಿ ಯಾರೂ ಮುಟ್ಟಲ್ಲ. ನೀರಿಗೆ ಬಾ" ಎಂದಳು ಮಗಳು.

"ನೀನು ಹೋಗು. ನನಗೆ ಇಲ್ಲಿಂದ ಎಲ್ಲ ಕಾಣತ್ತೆ."

ಕಾಣುತ್ತಿತ್ತು. ಮಗಳೂ ಅಳಿಯನೂ ಮೊಣಕಾಲುದ್ದ ನೀರಿನಲ್ಲಿ ನಿಂತು ಪಿಸುಗುಟ್ಟುತ್ತಿದ್ದರು. 'ನೀನೇ ಹೇಳು', 'ನೀವೇ ಹೇಳಿ' ಎಂಬ ಪಿಸುಮಾತನ್ನು ಎಷ್ಟೇ ದೂರದಿಂದಲೂ ಗುರುತಿಸಬಲ್ಲೆ. ಮೊಮ್ಮಗಳು ಮಾತ್ರ ದಡದಲ್ಲಿ ಕುಳಿತು ಮರಳು ಕೆರೆಯುತ್ತ ನನ್ನನ್ನೇ ನೋಡುತ್ತಿದ್ದಳು. ಅವಳಿಗೆ ಎಂಟು ವರ್ಷ. ನಾನು ಆಡಿದ ಕನ್ನಡವೆಲ್ಲ ತಿಳಿಯುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲೋ ಜಪಾನಿಯಲ್ಲೋ ಬರುತ್ತಿತ್ತು.

ಪಕ್ಕದ ಚಾಪೆಯ ಅಜ್ಜಿಯೊಬ್ಬರು ಎದ್ದು ಬಂದು, "ಸುಮಿಮಾಸೆನ್" ಎಂದು ಬಗ್ಗಿದರು. ತಪ್ಪು ಮಾಡದೆಯೇ ಕ್ಷಮೆ ಕೇಳುವ ಈ ಪದ್ಧತಿ ನನಗೆ ಹಿಡಿಸಿರಲಿಲ್ಲ. ಹಾಸ್ಟೆಲಿನಲ್ಲಿ ಮೊದಲು ಕ್ಷಮೆ ಕೇಳಿದವಳನ್ನೇ ನಾನು ಮೊದಲು ವಿಚಾರಿಸುತ್ತಿದ್ದೆ. ಅವರ ಮೊಮ್ಮಕ್ಕಳು ಮರಳಿನ ಮೇಲೆ ಒಂದು ಕಲ್ಲಂಗಡಿ ಇಟ್ಟಿದ್ದರು. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಉಳಿದವರು ಕೂಗುವ ದಾರಿ ಕೇಳುತ್ತ ಹೋಗಿ, ದೊಣ್ಣೆಯಿಂದ ಅದನ್ನು ಒಡೆಯಬೇಕು. ಬೇಸಿಗೆಯಲ್ಲಿ ಇಲ್ಲಿನವರ ಆಟವಿದು. ನಮ್ಮನ್ನೂ ಕರೆದರು.

"ಅಜ್ಜಿ ಆಡ್ಲಿ!" ಎಂದು ಮೊಮ್ಮಗಳು ಕನ್ನಡದಲ್ಲಿ ಕೂಗಿದಳು.

ಇವಳ ಬಾಯಲ್ಲಿ ಕನ್ನಡ ಯಾಕೆ ಬಂತು ಎಂದು ನಾನು ಯೋಚಿಸುವಷ್ಟರಲ್ಲಿ ಅಳಿಯ ಟವೆಲು ತಂದಿದ್ದ. "ಗಟ್ಟಿ ಕಟ್ರೀ, ಅಮ್ಮ ಸಂದೀಲಿ ನೋಡ್ತಾಳೆ" ಎಂದಳು ಮಗಳು. ಎಲ್ಲರೂ ನಕ್ಕರು. ಸೆರಗು ಸಿಕ್ಕಿಸಿಕೊಂಡು ದೊಣ್ಣೆ ಹಿಡಿದೆ. ಯಾರೋ ನನ್ನ ಭುಜ ಹಿಡಿದು ಗಿರಗಿರನೆ ತಿರುಗಿಸಿ ಬಿಟ್ಟರು.

ಕತ್ತಲೆ. ಸುತ್ತಲಿಂದಲೂ ಕೂಗು. ಜಪಾನಿ ಮಕ್ಕಳು "ಮಿಗಿ! ಮಿಗಿ!" ಎಂದು ಬಲಕ್ಕೆ ಕರೆಯುತ್ತಿದ್ದರು. "ಅತ್ತೆ, ಸ್ಟ್ರೇಟ್!" ಎಂದ ಅಳಿಯ. "ಅಮ್ಮಾ, ಸ್ವಲ್ಪ ರೈಟಿಗೆ!" ಎಂದಳು ಮಗಳು. ದಾರಿ ತಪ್ಪಿಸಿ ನಗುವುದೂ ಈ ಆಟದ ಭಾಗವೆಂದು ಮೊದಲೇ ಗಮನಿಸಿದ್ದೆ. ಮಗಳು, ಅಳಿಯ ಇಬ್ಬರಿಗೂ ನನ್ನಿಂದ ಏನೋ ಆಗಬೇಕಿತ್ತು, ಆದ್ದರಿಂದ ಅವರ ದಾರಿ ಬೇಡ. ಬೇರೆ ಮಕ್ಕಳ ಪರಿಚಯವೇ ಇರಲಿಲ್ಲ. ಆಗ ಎಡಗಡೆಯಿಂದ ಸಣ್ಣ ದನಿ ಬಂತು.

"ಅಜ್ಜಿ, ಈ ಕಡೆ ಬಾ. ಇನ್ನೂ ಬಾ. ನಾನಿದೀನಿ."

ಅದನ್ನೇ ಹಿಡಿದು ನಡೆದೆ. ಹಿಂದಿನ ಕೂಗು ಜೋರಾಯಿತು, ಆಮೇಲೆ ನಗೆಯಾಯಿತು, ಆಮೇಲೆ ದೂರವಾಯಿತು. ಕಾಲಡಿಯ ಬಿಸಿ ಮರಳು ತಣ್ಣಗಾಯಿತು. ಪಾದ ನೆನೆಯಿತು. ಮೋಸ ಎಂದು ಟವೆಲಿಗೆ ಕೈಹಾಕಿದಾಗ ಅವಳು ನನ್ನ ಕೈ ಹಿಡಿದುಕೊಂಡಳು.

"ತೆಗೀಬೇಡ ಅಜ್ಜಿ. ನೀನು ನೋಡಿದ್ರೆ ನಂಗೆ ಹೇಳಕ್ಕೆ ಆಗಲ್ಲ." ಒಂದು ಉಸಿರು ಎಳೆದುಕೊಂಡಳು. "ನಾನು ಮೈಸೂರಿಗೆ ಬರಲ್ಲ. ಅಮ್ಮ ಹೇಳ್ತೀನಿ ಅಂದ್ಲು. ಹೇಳ್ಲೇ ಇಲ್ಲ."

ನೀರು ನನ್ನ ಹಿಮ್ಮಡಿಯ ಸುತ್ತ ಸದ್ದಿಲ್ಲದೆ ಬಂದು ಹೋಗುತ್ತಿತ್ತು. ಒಂದೂ ತಪ್ಪಿಲ್ಲದ ಕನ್ನಡ. ಯಾರೋ ಹೇಳಿಕೊಟ್ಟಿದ್ದಾರೆ ಎನಿಸಿತು. ಬಾಯಿಪಾಠವನ್ನು ಮುರಿಯಲು ಪಾಠದಲ್ಲಿಲ್ಲದ ಪ್ರಶ್ನೆ ಕೇಳಬೇಕು.

"ಯಾಕೆ ಬರಲ್ಲ?"

"ಸ್ಕೂಲಲ್ಲಿ ಮೊಲ ಇದೆ. ರಜಾ ಮುಗಿದ್ಮೇಲೆ ನನ್ನ ತೋಬಾನ್."

"ಹಾಗಂದ್ರೆ?"

"ಟರ್ನ್. ನನ್ನ ಟರ್ನ್. ನಾನೇ ಊಟ ಹಾಕ್ಬೇಕು, ಮನೆ ಕ್ಲೀನ್ ಮಾಡ್ಬೇಕು, ಯೂಕಿ... ಸ್ನೋ ಬಂದ್ರೂ."

"ಈಗ ರಜಾ ಅಲ್ವಾ? ಈಗ ಯಾರು ಹಾಕ್ತಾರೆ?"

"ದೊಡ್ಡ ಕ್ಲಾಸಿನ ಅಕ್ಕಂದಿರು. ಆಮೇಲೆ ನಾನು. ನಾನು ಇಲ್ದಿದ್ರೆ ಬೇರೆಯೋರು ಎರಡು ಸಲ ಮಾಡ್ಬೇಕಾಗತ್ತೆ. ಅದು ಫೇರ್ ಅಲ್ಲ."

ತಡವರಿಸಲಿಲ್ಲ. ಸುಳ್ಳು ಹೇಳುವವರು ಎರಡನೆಯ ಪ್ರಶ್ನೆಗೆ ಎಂಜಲು ನುಂಗುತ್ತಾರೆ. ಅಪ್ಪ ಅಮ್ಮನನ್ನು ಬಿಟ್ಟು ಬರಲಾರೆ ಎಂದು ಅತ್ತಿದ್ದರೆ ನನ್ನ ಬಳಿ ಉತ್ತರವಿತ್ತು. ಹಾಸ್ಟೆಲಿನ ಮೊದಲ ವಾರ ಎಲ್ಲರೂ ಅಳುತ್ತಾರೆ, ಎರಡನೆಯ ವಾರ ಊಟದ ಗಂಟೆಗೆ ಓಡಿ ಬರುತ್ತಾರೆ. ಆದರೆ ಒಪ್ಪಿಕೊಂಡ ಪಾಳಿಯನ್ನು ಬಿಟ್ಟು ಬಾ ಎಂದು ಯಾವ ಬಾಯಲ್ಲಿ ಹೇಳಲಿ? ಪಾಳಿ ತಪ್ಪಿಸಿದವರಿಗೆ ಸಿನಿಮಾ ರಜೆ ಕೊಡದವಳು ನಾನು.

ಟವೆಲು ಬಿಚ್ಚಿದೆ. ಬಿಸಿಲು ಕಣ್ಣಿಗೆ ಹೊಡೆಯಿತು. ಅವಳ ಮುಖ ಉಪ್ಪುನೀರಿನಿಂದಲೋ ಏನೋ ಒದ್ದೆಯಾಗಿತ್ತು.

ವಾಪಸು ಬಂದಾಗ ಮಗಳ ಮುಖ ಇಳಿದುಹೋಗಿತ್ತು. "ಅಮ್ಮಾ, ಏನಂದ್ಲು?"

"ನೀವು ಹೇಳ್ಬೇಕಾದ್ದನ್ನ ಅಂದ್ಲು. ಇಬ್ರು ದೊಡ್ಡೋರು, ಒಂದು ಮಗೂನ ಮುಂದೆ ಬಿಟ್ರಲ್ಲ!"

"ನಾವೇ ಊಟ ಆದ್ಮೇಲೆ..." ಎಂದ ಅಳಿಯ.

"ಊಟ ಆಗ್ಲಿ. ಮೈಸೂರಿಗೆ ಫೋನ್ ಮಾಡಿ ಆ ಜಾಗ ಬೇರೆ ಮಗೂಗೆ ಕೊಡಕ್ಕೆ ಹೇಳ್ತೀನಿ. ಆದ್ರೆ ಇವಳು ದಿನಾ ಸಂಜೆ ಕನ್ನಡ ಓದ್ಬೇಕು. ಅದಕ್ಕೆ ನಿನ್ನ ಪಾಳಿ" ಎಂದು ಮಗಳಿಗೆ ಹೇಳಿದೆ.

ಕಲ್ಲಂಗಡಿಯನ್ನು ಆ ಅಜ್ಜಿಯ ಮೊಮ್ಮಗ ಒಡೆದ. ನಮಗೂ ಕೊಟ್ಟರು. ಮರಳು ಹತ್ತಿದ್ದರೂ ಸಿಹಿಯಾಗಿತ್ತು.

ಆದರೂ ಹಡಗಿನಲ್ಲಿ ಮರಳುವಾಗ ತಲೆಯೊಳಗೆ ಒಂದು ಹುಳ ಕೊರೆಯುತ್ತಿತ್ತು. ನನ್ನನ್ನು ಕಟ್ಟಿಹಾಕುವ ಮಾತು ಇದೊಂದೇ ಎಂದು ಆ ಮಗುವಿಗೆ ಹೇಗೆ ಗೊತ್ತಾಯಿತು? ಅವಳ ಅಮ್ಮ ನನ್ನ ಕೈಕೆಳಗೆ ಬೆಳೆದವಳು, ನನ್ನ ಬೀಗಗಳೆಲ್ಲ ಅವಳಿಗೆ ಗೊತ್ತು.

ಸೋಮವಾರ ಬೆಳಿಗ್ಗೆ ಮೊಮ್ಮಗಳಿಗೆ ಚಪ್ಪಲಿ ಹಾಕಿಕೊಳ್ಳಲು ಹೇಳಿದೆ. "ನಡಿ, ಆ ಮೊಲ ತೋರಿಸು." ಚೀಲದಲ್ಲಿ ಎಲೆಕೋಸಿನ ಎಲೆಯೊಂದನ್ನು ಇಟ್ಟುಕೊಂಡಿದ್ದೆ.

ಶಾಲೆಯ ತಂತಿಬೇಲಿಗೆ ಹೊಂದಿಕೊಂಡೇ ಗೂಡು ಇತ್ತು. ಒಳಗೆ ಹುಲ್ಲಿನ ಮೇಲೆ ಬೂದು ಬಣ್ಣದ ಮೊಲ, ಒಂದು ಕಿವಿ ಬಾಗಿದ್ದು, ಮೂಗು ಆಡಿಸುತ್ತ ಕುಳಿತಿತ್ತು. ನೀರು ಶುದ್ಧವಾಗಿತ್ತು, ನೆಲ ಗುಡಿಸಿತ್ತು. ನಾನು ಎಲೆ ತೆಗೆದು ತಂತಿಯ ಸಂದಿಯಲ್ಲಿ ತೂರಿಸಲು ಹೋದೆ.

ಮೊಮ್ಮಗಳು ನನ್ನ ಮಣಿಕಟ್ಟು ಹಿಡಿದಳು.

"ಈಗ ಕೊಡ್ಬಾರ್ದು ಅಜ್ಜಿ. ಟೈಮ್ ಆಗಿಲ್ಲ."

ನಾನು ಎಲೆಯನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡೆ.