ಬಲಗಡೆ ಪಟ್ಟಿ

ಆ ಹಳೇ ಪಿಕಪ್ ಗಾಡಿ ನಾ ಅಣ್ಣನ್ನ ಕೇಳದ ತಗೊಂಡ ಮೊದಲನೇ ಸಾಮಾನು. ನಲವತ್ತಾರು ವರ್ಷಕ್ಕ ಮೊದಲನೇದು, ನಗಬ್ಯಾಡ್ರಿ. ಅಪ್ಪ ಲಗೂನ ಹೋದಮ್ಯಾಲೆ ನನ್ನ ಸಾಲಿ, ನನ್ನ ನೌಕರಿ, ಲಗ್ನದಾಗ ಹಾಕ್ಕೊಂಡ ಸೂಟಿನ ಬಣ್ಣ ಸುದ್ದಾ ಅಣ್ಣನ ಆರಿಸಿದ್ದು. ಹಿಂಗಾಗಿ ನಾಚಾರಂ ಏರಿಯಾದಾಗ ಬಾಗಿಲ ಹಾಕಿದ ಒಂದು ಕಾರಖಾನಿ ಹಿತ್ತಲದಾಗ ತುಕ್ಕು ಹಿಡಿದು ನಿಂತ ಆ ಗಾಡಿ ಕಂಡಾಗ, ಇದೊಂದನ್ನ ನನ್ನ ಕೈಯಾರೆ ನೆಟ್ಟಗ ಮಾಡಬೇಕು, ಅಣ್ಣ ಬಾಯಿ ಮುಚ್ಚಿಕೊಂಡು ನೋಡಬೇಕು ಅಂತ ಹಟ ಹಿಡಿದೆ.

ಬಾಯಿ ಮುಚ್ಚಿಕೊಳ್ಳೋ ಮನುಷ್ಯಾನ ಅಲ್ಲ ಅಂವ. ಸರಕಾರಿ ನೌಕರಿಯಿಂದ ರಿಟೈರ್ ಆಗಿ, ತಾರ್ನಾಕದ ನಮ್ಮ ಮನಿ ಮ್ಯಾಲಿನ ಮಜಲಿನ್ಯಾಗ ಇದ್ದ. ರವಿವಾರ ಬಂತಂದ್ರ ಬನಿಯನ್ ಮ್ಯಾಲೆ ಇಳಿದು ಬಂದು ಗಾಡಿ ಸುತ್ತ ತಿರುಗೋದು ತಪ್ಪುತಿರಲಿಲ್ಲ.

ಇಂಜಿನ್ನು, ಬಣ್ಣ ಎಲ್ಲಾ ಮುಗೀತು. ಉಳಿದಿದ್ದು ಎರಡೂ ಬದಿಗೆ, ಹೆಡ್‌ಲೈಟಿನಿಂದ ಹಿಂದಿನ ತುದಿತನಕ ಹೋಗೋ ಕ್ರೋಮ್ ಪಟ್ಟಿ. ಟಿಂಕರ್ ಮಹಾಶಯ ತುಕ್ಕು ತಿಂದ ಕೆಳಗಿನ ತಗಡು ಬದಲಿಸೋ ಭರದಾಗ ಹಳೇ ತೂತಿಗೆಲ್ಲಾ ಪುಟ್ಟಿ ಬಳಿದುಬಿಟ್ಟಿದ್ದ. ಪಟ್ಟಿ ಎಲ್ಲಿ ಕೂಡಬೇಕು ಅನ್ನೋ ಗುರುತ ಉಳಿದಿರಲಿಲ್ಲ. ಗಚ್ಚಿಬೌಲಿಯೊಳಗ ಒಬ್ಬರ ಹತ್ರ ಇಂಥಾದ್ದ ಗಾಡಿ ಐತಿ ಅಂತ ಕೇಳಿ, ಕಂಪನಿ ಕ್ಯಾಬುಗಳ ನಡುವ ಎರಡು ತಾಸು ಹೆಣಾ ಬಿದ್ದು ಹೋಗಿ, ಕೆಳಗಿನ ಅಂಚಿನಿಂದ ಪಟ್ಟಿ ಎಷ್ಟು ಎತ್ತರ ಐತಿ ಅಂತ ಅಳತಿ ತಂದೆ. ಒಂದು ಚೀಟಿ ಅಣ್ಣಗೂ ಕೊಟ್ಟೆ.

"ಬಲಗಡೆ ನಂದು. ಮುಟ್ಟಬ್ಯಾಡ" ಅಂದೆ.

"ಆತು, ಎಡಗಡೆ ನಾ ಹಚ್ಚತೀನಿ ತಗೋ" ಅಂದ.

ಸುಮ್ಮನ ಕೂಡೋ ಪಟ್ಟಿ ಅಲ್ಲ ಅದು. ಮಡಗಾರ್ಡಿಗೊಂದು, ಬಾಗಿಲಕ್ಕೊಂದು, ಹಿಂದಿನ ತೊಟ್ಟಿಗೊಂದು ತುಂಡು. ಮಡಗಾರ್ಡಿಂದು ಕೂಡಿಸಿದ್ರ ಬಾಗಿಲದ್ದು ಒಂದೆಳಿ ಮ್ಯಾಲೆ. ಬಾಗಿಲದ್ದು ಇಳಿಸಿದ್ರ, ಬಾಗಿಲ ತಗದಾಗ ಅದರ ತುದಿ ತಿಕ್ಕಿ ಹೊಸಾ ಬಣ್ಣ ಕೆತ್ತತಿತ್ತು. ಸ್ಕ್ರೂ ಬಿಗಿ ಮಾಡಿದ್ರ ಜರಗತಿತ್ತು, ಸಡಿಲ ಬಿಟ್ರ ಜೋತು ಬೀಳತಿತ್ತು. ಇದರ ಮನಿ ಹಾಳಾಗ! ದಾರ ಕಟ್ಟಿದೆ, ಒಂದು ಕಣ್ಣ ಮುಚ್ಚಿ ನೋಡಿದೆ, ನೆಲದ ಮ್ಯಾಲೆ ಮಕ್ಕೊಂಡು ನೋಡಿದೆ. ಆ ಕಡೆಯಿಂದ ಅಣ್ಣನ ಸೀಟಿ ಕೇಳಿದ್ರ ಮೈಯೆಲ್ಲಾ ಉರೀತಿತ್ತು.

"ಆತೇನೋ ತಮ್ಮಾ?"

"ಆಗತೈತಿ. ನಿನ್ನ ಕೆಲಸ ನೀ ನೋಡು."

ಐದು ರವಿವಾರ ಹಿಂಗ ಹೋದ್ವು. ಅದರಾಗ ಒಂದು ತೆಲಂಗಾಣದ ಬಂದ್‌ನಾಗ ಹೋತು, ಸ್ಕ್ರೂ ತರೂಣಂದ್ರ ಒಂದು ಅಂಗಡಿನೂ ತಗದಿರಲಿಲ್ಲ.

ಕಡೀಕ ಬಲಗಡೆ ಪಟ್ಟಿ ಕೂತ್ತು, ನೂಲಿನಂಗ ನೆಟ್ಟಗ. ಖುಷಿಯಿಂದ ಗಾಡಿ ಮುಂದ ಬಂದು ನಿಂತು ನೋಡತೀನಿ, ಅಣ್ಣನ ಪಟ್ಟಿ ನನ್ನದಕ್ಕಿಂತ ಮುಕ್ಕಾಲು ಇಂಚು ಮ್ಯಾಲೆ!

ತಲಿ ಕೆಟ್ಟುಹೋತು. "ಅಳತಿ ತಂದಾಂವ ನಾನು! ಇದೂ ನಿನ್ನ ಮನಸಿನಂಗ ಆಗಬೇಕೇನು?" ಅಂತ ಓಣಿ ಕೇಳೋ ಹಂಗ ಚೀರಿದೆ. ಅಣ್ಣ ಏನೋ ಹೇಳಾಕ ಬಾಯಿ ತಗದ, ನನ್ನ ಮಾರಿ ನೋಡಿದ. ಸ್ಕ್ರೂಡ್ರೈವರ್ ತಗೊಂಡು ತನ್ನ ಪಟ್ಟಿ ಬಿಚ್ಚಿ, ತೂತು ಮುಚ್ಚಿ, ನನ್ನ ಅಳತಿಗೆ ಇಳಿಸಿದ. ಅವತ್ತು ರಾತ್ರಿ ಎರಡು ರೊಟ್ಟಿ ಜಾಸ್ತಿ ತಿಂದೆ ನಾನು.

ಮುಂದಿನ ವಾರ ಪೇಂಟರ್ ಕಡೆಯಿಂದ ಡಾಲಾ ಬಂತು, ಅಂದ್ರ ಗಾಡಿ ಹಿಂದ ತಗದು ಹಾಕೋ ಬಾಗಿಲ. ಅದಕ್ಕ ಪುಟ್ಟಿ ಬಳಿದಿರಲಿಲ್ಲ, ಕಂಪನಿ ತೂತು ಹಂಗ ಇದ್ವು. ಅದರ ಪಟ್ಟಿ ಕೂಡಿಸಿದ್ರ ನಮ್ಮ ಎರಡೂ ಬದಿಗಿಂತ ಮುಕ್ಕಾಲು ಇಂಚು ಮ್ಯಾಲೆ, ಅಣ್ಣ ಮೊದಲು ಹಚ್ಚಿದ್ದ ಎತ್ತರಕ್ಕ ಸರಿಯಾಗಿ. ಟಿಂಕರ್ ಹಾಕಿದ ಹೊಸಾ ತಗಡು ಕೆಳಗ ಅಷ್ಟು ಉದ್ದ ಇಳಿದಿತ್ತು. ನಾ ಅದರ ಅಂಚು ನಂಬಿ ಅಳದಿದ್ದೆ.

"ನಿನಗ ಗೊತ್ತಿತ್ತೇನು?" ಅಂತ ಕೇಳಿದೆ.

"ಒಳಗಿಂದ ಕೈಯಾಡಿಸಿದ್ರ ಹಳೇ ತೂತು ಬೆರಳಿಗೆ ಹತ್ತತಾವ."

"ಮತ್ತ ಯಾಕ ಹೇಳಲಿಲ್ಲ?"

"ಹೆಂಗ ಹೇಳಲಿ? ಅಳೋ ಹಂಗ ಆಗಿದ್ದಿ ನೀ."

ಎಲ್ಲಾ ಬಿಚ್ಚೂಣು ಅಂದೆ. ಕೇಳಲಿಲ್ಲ. ಗಾಡಿಗೆ ಇನ್ನೆಷ್ಟು ತೂತು ಹೊಡೀತಿ ಅಂತ ಬೈದು, ಡಾಲಾದ ಸರಿ ಇದ್ದ ತೂತು ಮುಚ್ಚಿ, ಅದನ್ನೂ ನನ್ನ ತಪ್ಪು ಅಳತಿಗೆ ತಾನ ಇಳಿಸಿದ.

ಆ ಚಳಿಗಾಲ ಹಳೇ ಗಾಡಿಗಳ ಪ್ರದರ್ಶನಕ್ಕ ಒಯ್ದಿವಿ. ಗಾಡಿ ಪರೀಕ್ಷಾ ಮಾಡೋ ಹಿರಿಯರೊಬ್ಬರು ಸುತ್ತ ತಿರುಗಿ, ಬಗ್ಗಿ ನೋಡಿ, ಪಟ್ಟಿ ಕೆಳಗ ಬಂದೈತಿ, ಇದನ್ನ ಹಚ್ಚಿದ ಶ್ಯಾಣ್ಯಾ ಯಾರು ಅಂತ ಉರ್ದುವಿನ್ಯಾಗ ಕೇಳಿದ್ರು.

"ನಾನ ಹಚ್ಚಿದ್ದು ಸಾಬ್" ಅಂದ ಅಣ್ಣ, ಅವರ ಭಾಷಾದಾಗ. "ತಮ್ಮ ಬ್ಯಾಡ ಬ್ಯಾಡ ಅಂದ. ನಾ ಕೇಳಲಿಲ್ಲ."

ಅವರು ಹತ್ತು ಮಂದಿ ಮುಂದ ಅವನ್ನ ಚಂದಗೆ ಬೈದ್ರು. ಕೈ ಕಟ್ಟಿಕೊಂಡು ಬೈಸಿಕೊಂಡ. ಪಕ್ಕದಾಗ ನಿಂತಿದ್ದ ನನಗ, ಅದು ನನ್ನ ಕೆಲಸ ರೀ ಅನ್ನೋ ಒಂದು ಮಾತು ಬಾಯಿಗೆ ಬರಲಿಲ್ಲ.