ಹನ್ನೊಂದು ದಿನ ಹಳೆಯ ಪಟ್ಟಿ

ಬೆಳಿಗ್ಗೆ ಏಳು ಇಪ್ಪತ್ತಕ್ಕೆ ಕಂಪ್ಯೂಟರಿನ ಪರದೆ ಕಪ್ಪಾಯಿತು. ಸಿಂಧನೂರಿನಲ್ಲಿ ನಾನು ನರ್ಸ್ ಆಗಿರುವ ಡಯಾಲಿಸಿಸ್ ಕೇಂದ್ರಕ್ಕೆ ಮೊದಲ ಪಾಳಿಯ ರೋಗಿಗಳು ಬಂದಾಗಿತ್ತು. ಯಾರ ಮೈಯಿಂದ ಎಷ್ಟು ನೀರು ತೆಗೆಯಬೇಕು, ಯಾರಿಗೆ ಯಾವ ಔಷಧ ಒಗ್ಗದು, ಎಲ್ಲ ಅದರೊಳಗಿತ್ತು. ಆದರೂ ನನಗೆ ಗಾಬರಿಯಾಗಲಿಲ್ಲ. ದಿನಾ ಮಧ್ಯಾಹ್ನ ಎರಡಕ್ಕೆ ಎಲ್ಲದರ ಪ್ರತಿ ತಾನಾಗಿಯೇ ಪಕ್ಕದ ಸಣ್ಣ ಡಿಸ್ಕಿಗೆ ಹೋಗುತ್ತದೆ ಎಂದು ನಂಬಿದ್ದೆ.

ಲಿಂಗಸುಗೂರಿನಿಂದ ಬೈಕಿನಲ್ಲಿ ಬಂದ ರಿಪೇರಿಯವರು ಹೊಸ ಹಾರ್ಡ್‌ಡಿಸ್ಕ್ ಹಾಕಿ, ಆ ಸಣ್ಣ ಡಿಸ್ಕಿನ ಬ್ಯಾಕಪ್ಪಿನಿಂದ ಎಲ್ಲವನ್ನೂ ಮರಳಿ ತುಂಬಿದರು. ಹತ್ತೂವರೆಗೆ ಔಷಧದ ಪಟ್ಟಿ ಪ್ರಿಂಟಾಗಿ ಬಂತು. ಅದು ಯಾವ ದಿನದ ಪ್ರತಿಯೆಂದು ಯಾರೂ ನೋಡಲಿಲ್ಲ.

ಬಂಗಾಳಿ ನಿರಾಶ್ರಿತರ ಆರ್.ಎಚ್. ಕ್ಯಾಂಪಿನ ಅಜ್ಜಿಗೆ ಅಂದು ಕಬ್ಬಿಣಾಂಶದ ಇಂಜೆಕ್ಷನ್ ಎಂದಿತ್ತು ಪಟ್ಟಿ. ನನ್ನ ಜೊತೆಯ ನರ್ಸ್ ಸಿರಿಂಜ್ ತುಂಬಿ ಹೊರಟಳು. ಆ ಕಂದು ಬಣ್ಣ ಕಂಡದ್ದೇ ಕೈಯಲ್ಲಿದ್ದ ಕೆಲಸ ಬಿಟ್ಟೆ. ಹಿಂದಿನ ವಾರ ಅದೇ ಇಂಜೆಕ್ಷನ್ನಿಗೆ ಅಜ್ಜಿಯ ಉಸಿರು ಕಟ್ಟಿತ್ತು. ಆ ದಿನ ಇವಳು ರಜೆಯಲ್ಲಿದ್ದಳು. ಇನ್ನು ಕೊಡಬಾರದೆಂದು ಕಂಪ್ಯೂಟರಿನಲ್ಲಿ ಕೆಂಪಕ್ಷರದಲ್ಲಿ ಬರೆದವಳು ನಾನು; ಈ ಪಟ್ಟಿಯಲ್ಲಿ ಅದು ಇರಲಿಲ್ಲ. ಓಡಿ ಹೋಗಿ ಅವಳ ಮಣಿಕಟ್ಟು ಹಿಡಿದೆ.

"ಸೂಜಿ ನನಗ. ಹೆದರಿಕಿ ನಿನಗ್ಯಾಕ?" ಎಂದು ಅಜ್ಜಿ ನಕ್ಕಳು.

ನೋಡಿದರೆ, ಬ್ಯಾಕಪ್ಪಿನ ಆ ಪ್ರತಿಯೇ ಹನ್ನೊಂದು ದಿನ ಹಳೆಯದು. ಅದರ ಮರುದಿನದಿಂದ ದಿನವೂ ಎರಡಕ್ಕೆ 'ಡಿಸ್ಕ್ ಸಿಗಲಿಲ್ಲ' ಎಂಬ ಸೂಚನೆ ಬಂದಿತ್ತು. ಪರದೆಯ ಮೂಲೆಯಲ್ಲಿ ಬರುತ್ತಿದ್ದ ಆ ಸೂಚನೆಯನ್ನು ಓದದೆ ಮುಚ್ಚುತ್ತಿದ್ದವಳು ನಾನೇ. ಡಿಸ್ಕೇನೋ ಅಲ್ಲೇ ಇತ್ತು, ಮೈಮೇಲೆ ಕುಂಕುಮದೊಂದಿಗೆ. ರಿಪೇರಿಯವರು ಕ್ಯಾಲೆಂಡರ್ ನೋಡಿದರು. ಹನ್ನೊಂದು ದಿನದ ಹಿಂದೆ ಅಮಾವಾಸ್ಯೆ; ಅಂದು ಸಂಜೆ ಯಂತ್ರಗಳ ಪೂಜೆ ನಡೆದಿತ್ತು.

"ಎಲ್ಲಾ ಮಷೀನಿಗೂ ಪೂಜಿ ಮಾಡಿ ಅದೊಂದನ್ನ ಹೆಂಗ ಬಿಡ್ಲಿ?" ಎಂದಳು ನಮ್ಮ ಆಯಾ. "ಮೂಲ್ಯಾಗ ಕೈ ಹೋಗಂಗಿಲ್ಲ. ಕಿತ್ತು, ಒರಸಿ, ಕುಂಕುಮ ಹಚ್ಚಿ, ಮತ್ತ ಚುಚ್ಚೀನಿ."

"ನೀ ಕಿತ್ತಾಗ ಬ್ಯಾರೆ ಏನರ ಚುಚ್ಚಿದ್ರೇನು?" ಎಂದು ರಿಪೇರಿಯವರು ಕೇಳಿದರು.

ಆಗ ನೆನಪಾಯಿತು. ಅದೇ ಹೊತ್ತಿನಲ್ಲಿ ಪ್ರಿಂಟಿಗೆಂದು ನಾನು ಪೆನ್‌ಡ್ರೈವ್ ಹಾಕಿದ್ದೆ.

"ಮುಗೀತು ಬಿಡ್ರೀ ಮೇಡಂ," ಎಂದರು ರಿಪೇರಿಯವರು. "ಈಕಿ ಡಿಸ್ಕನ್ನ ಸೀಟಿನಿಂದ ಎಬ್ಬಿಸ್ಯಾಳ, ನಿಮ್ಮ ಪೆನ್‌ಡ್ರೈವ್ ಅಲ್ಲಿ ಕುಂತೈತಿ. ಡಿಸ್ಕಿಗೆ ಬ್ಯಾರೆ ಸೀಟ್ ಸಿಕ್ಕೈತಿ. ಬ್ಯಾಕಪ್ಪು ದಿನಾ ಹಳೇ ಸೀಟಿನ್ಯಾಗ ಹುಡುಕಿ ಹುಡುಕಿ ಹೊಳ್ಳಿ ಹೋಗೈತಿ."

"ಹಂಗಾರ ಪೂಜಿ ಬ್ಯಾಡೇನ್ರೀ?"

"ಮಾಡಬೇ ಯವ್ವಾ. ಕೀಳಬ್ಯಾಡ ಅಷ್ಟ."

ಡಿಸ್ಕಿನ ಸೀಟಿಗೆ ಹೆಸರಾಗುವ, ಬೇರೆ ಯಾವುದೂ ಕಸಿಯಲಾಗದ ಒಂದು ಅಕ್ಷರವನ್ನು ಅವರು ಕಂಪ್ಯೂಟರಿನಲ್ಲಿ ಕಾಯಂ ಮಾಡಿದರು. ಕಳೆದುಹೋದ ದಿನಗಳ ತೂಕಗಳನ್ನು ರೋಗಿಗಳೇ ಬಾಯಿಪಾಠ ಒಪ್ಪಿಸಿದರು. ಅಜ್ಜಿಯ ಪುಟದಲ್ಲಿ ನಾನು ಮತ್ತೆ ಕೆಂಪಕ್ಷರ ಬರೆದೆ. ಅಂದಿನಿಂದ ದಿನಾ ಎರಡರ ನಂತರ ಪ್ರತಿಯನ್ನು ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದು ಅಜ್ಜಿಯ ಪುಟ ನೋಡುತ್ತೇನೆ. ಆಯಾ ಹಿಂದೆ ಬಂದು ನಿಲ್ಲುತ್ತಾಳೆ: "ಬಂತೇನವ್ವಾ ಕೆಂಪಕ್ಷರ?"

ರಾತ್ರಿ ಮಸ್ಕಿಯ ನನ್ನ ಮನೆಯಲ್ಲಿ ಮಾತ್ರ ನಿದ್ದೆ ಬರುತ್ತಿರಲಿಲ್ಲ. ಆ ಹೊತ್ತಿಗೆ ನಾನು ಚಹಾ ಕುಡಿಯಲು ಹೊರಗೆ ಹೋಗಿದ್ದರೆ? ಕಣ್ಣು ಮುಚ್ಚಿದರೆ ಆ ಕಂದು ಸಿರಿಂಜ್.

ಮುಂದಿನ ಅಮಾವಾಸ್ಯೆಗೆ ಆಯಾ ಮೇಜಿನಡಿ ಬೋರಲು ಮಲಗಿ, ಡಿಸ್ಕನ್ನು ಕದಲಿಸದೆ ಕುಂಕುಮ ಹಚ್ಚಿದಳು. ಮರುದಿನ ಎರಡಕ್ಕೆ ಬ್ಯಾಕಪ್ ಆಯಿತು. ಪ್ರತಿ ತೆರೆದೆ, ದಿನಾಂಕ ಅಂದಿನದೇ, ಕೆಂಪಕ್ಷರ ಅಲ್ಲೇ ಇತ್ತು. ಮಾರನೇ ಬೆಳಿಗ್ಗೆ ಮಸ್ಕಿಯಲ್ಲಿ ನನಗೆ ಎಚ್ಚರವಾದಾಗ, ದಿನಾ ಹಿಡಿಯುವ ಆರು ಗಂಟೆಯ ಸಿಂಧನೂರು ಬಸ್ಸು ಹೋಗಿಬಿಟ್ಟಿತ್ತು.