ಕೈಯಿಂದ ಕೈಗೆ ಒಂದು ಮಗು

ಚಿತ್ರಗಳಿಗೆ ಜೀವ ತುಂಬುವುದು ನನ್ನ ಕೆಲಸ ಎಂದು ಯಾರ ಮುಂದಾದರೂ ಜಂಬ ಕೊಚ್ಚಿದರೆ ನಮ್ಮಮ್ಮ ನಗುತ್ತಾಳೆ. ಅವಳ ಲೆಕ್ಕದಲ್ಲಿ ನಾನು ಒಂದೇ ಚಿತ್ರವನ್ನು ಸಾವಿರ ಸಲ ಬರೆಯುವ ದಡ್ಡ. ಸುಳ್ಳೇನಲ್ಲ. ಈ ಕಂಪ್ಯೂಟರ್ ಕಾಲದಲ್ಲೂ ನಮ್ಮ ಅನಿಮೇಷನ್ ಸ್ಟುಡಿಯೋದಲ್ಲಿ ಪಾತ್ರಗಳನ್ನು ಪೆನ್ಸಿಲ್ಲಿನಲ್ಲೇ ಬರೆಯುತ್ತೇವೆ, ಹಾಳೆಯಿಂದ ಹಾಳೆಗೆ ಕೈಕಾಲುಗಳನ್ನು ಕೂದಲೆಳೆಯಷ್ಟು ಸರಿಸುತ್ತಾ.

ಈ ಸಲ ಒಂದು ದೃಶ್ಯದಲ್ಲಿ ಸಿಕ್ಕಿಹಾಕಿಕೊಂಡಿದ್ದೆ. ಅಜ್ಜಿಯೊಬ್ಬಳು ಹಸುಗೂಸನ್ನು ಅದರ ತಾಯಿಯ ಕೈಗೆ ಕೊಡುವ ದೃಶ್ಯ. ನಾನೇ ಹಟ ಮಾಡಿ ಕೇಳಿ ಪಡೆದದ್ದು. ಎಷ್ಟು ಬರೆದರೂ ಮಗು ಹತ್ತಿ ದಿಂಬಿನ ಹಾಗೇ ಕಾಣುತ್ತಿತ್ತು. "ಭಾರವೇ ಇಲ್ಲವಲ್ರೀ" ಎಂದರು ನಿರ್ದೇಶಕರು. ಸೋಮವಾರದೊಳಗೆ ಸರಿಹೋಗದಿದ್ದರೆ ದೃಶ್ಯವನ್ನೇ ತೆಗೆಯುವುದಾಗಿ ಹೇಳಿದರು. ಸಿಟ್ಟಿನಲ್ಲಿ ಹಾಳೆಗಳನ್ನು ಬ್ಯಾಗಿಗೆ ತುರುಕಿಕೊಂಡು ಅಜ್ಜಂಪುರದ ಮನೆಗೆ ಬಂದುಬಿಟ್ಟೆ.

ಸಖರಾಯಪಟ್ಟಣಕ್ಕೆ ಕೊಟ್ಟಿದ್ದ ತಂಗಿ ಬಾಣಂತನಕ್ಕೆ ಬಂದಿದ್ದಳು. ಅಕ್ಕಪಕ್ಕದವರೆಲ್ಲ ಅವಳ ಮಗುವನ್ನು ಎತ್ತಿ ಆಡಿಸಿಯಾಗಿತ್ತು. ಸೋದರಮಾವನಾದ ನಾನು ಮಾತ್ರ ಮುಟ್ಟಿರಲಿಲ್ಲ. ನನಗೆ ಭಯ.

ಮರುದಿನ ಬೆಳಿಗ್ಗೆ ಅಮ್ಮ ಬಚ್ಚಲಲ್ಲಿ ಮಣೆ ಹಾಕಿ, ಕಾಲು ಚಾಚಿ ಕೂತು, ಕಾಲ ಮೇಲೆ ಮಗುವನ್ನು ಮಲಗಿಸಿಕೊಂಡು ನೀರೆರೆಯುತ್ತಿದ್ದಳು. ತಂಗಿಗೆ ಸೊಂಟ ಹಿಡಿದಿದ್ದರಿಂದ ಟವೆಲ್ ಹಿಡಿಯುವ ಕೆಲಸ ನನ್ನ ತಲೆಗೆ ಬಂತು.

"ಲೇ, ಹತ್ರ ಬಾ. ಬಗ್ಗು."

"ಜಾರ್ಬಿಟ್ರೆ?"

"ನಾನ್ ಬಿಟ್ರೆ ತಾನೆ ಜಾರೋದು? ನೀನು ಹಿಡ್ಕಂಡಿದ್ದು ಗೊತ್ತಾಗೋವರ್ಗೂ ನಾನು ಬಿಡಲ್ಲ ಕಣೋ."

ಅವಳ ಅಂಗೈ ಮಗುವಿನ ಕತ್ತಿನಡಿ ಸೇರಿತು. ಎತ್ತುವ ಮುಂಚೆ ಭುಜ ಚೂರು ಕೆಳಗಿಳಿಯಿತು, ಆಮೇಲೆ ಮೇಲೆದ್ದಿತು. ಮಗು ನನ್ನ ತೋಳಿಗೆ ಬಂತು. ಆದರೂ ಅವಳ ಕೈ ಅಲ್ಲೇ ಇತ್ತು. ಕೊಡಕ್ಕೆ ನೀರು ತುಂಬುವ ಹಾಗೆ ಭಾರ ನಿಧಾನವಾಗಿ ನನ್ನೊಳಕ್ಕೆ ಇಳಿಯಿತು. ನನ್ನ ಮೊಣಕೈ ತಗ್ಗಿತು, ಬೆನ್ನು ತಾನಾಗಿ ಬಾಗಿತು. ಆಮೇಲಷ್ಟೇ ಅವಳ ಬೆರಳುಗಳು ಒಂದೊಂದಾಗಿ ಸರಿದವು.

ಮಗುವನ್ನು ಟವೆಲ್ ಸಮೇತ ಎದೆಗೊತ್ತಿಕೊಂಡೆ. ನನ್ನನ್ನೂ ಯಾರೋ ಹೀಗೇ ಇವಳ ಕೈಗೆ ಕೊಟ್ಟಿರಬೇಕು, ಇವಳನ್ನು ಇನ್ಯಾರ ಕೈಗೋ. ಒಬ್ಬರೂ ಕೆಳಗೆ ಬೀಳದೆ ಇಲ್ಲಿಯವರೆಗೆ ಬಂದಿದ್ದೇವಲ್ಲ ಎನಿಸಿತು. ನನ್ನ ಹಾಳೆಗಳಲ್ಲಿ ಅಜ್ಜಿ ಬಿಡುತ್ತಿದ್ದಳು, ತಾಯಿ ಹಿಡಿಯುತ್ತಿದ್ದಳು. ಇಬ್ಬರೂ ಹಿಡಿದಿರುವ ಹಾಳೆ ಒಂದೂ ಇರಲಿಲ್ಲ.

ಭಾನುವಾರ ಸಂಜೆಯ ಹೊತ್ತಿಗೆ ಎಲ್ಲವನ್ನೂ ಮತ್ತೆ ಬರೆದು, ಫೋನಿನಲ್ಲಿ ಒಂದೊಂದೇ ಫೋಟೊ ತೆಗೆದು ಜೋಡಿಸಿ ಅಮ್ಮನಿಗೆ ತೋರಿಸಿದೆ. ಮೊರ ಪಕ್ಕಕ್ಕಿಟ್ಟು, ಕನ್ನಡಕ ಸರಿಮಾಡಿಕೊಂಡು ನೋಡಿದಳು. ಪರದೆಯ ಮೇಲೆ ಅಜ್ಜಿ ಬಾಗಿದಳು. ತಾಯಿಯ ಕೈ ಮುಂದೆ ಬಂತು.

"ತಡಿಯಮ್ಮ, ಈಗ್ಲೇ ಬಿಡ್ಬೇಡ" ಎಂದಳು ಅಮ್ಮ, ಆ ಪೆನ್ಸಿಲ್ ಗೆರೆಯ ಅಜ್ಜಿಗೆ. ಅವಳಿಗೇ ಗೊತ್ತಿಲ್ಲದೆ ಅವಳ ಎರಡೂ ಕೈಗಳು ಫೋನಿನ ಕೆಳಗೆ ಚಾಚಿದ್ದವು.